ತೆರೆಯ ಹಳ್ಳಿ, ನೆಲದ ಹಳ್ಳಿ: ಚಿತ್ರಕಥೆಯಲ್ಲಿ ಸೊರಗಿದ ವಾಸ್ತವ

ಕಬಿನಿಯು ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರ, ಅದರ ನೆರೆಯ ನಂಜನಗೂಡು. ಈ ಸೀಮೆಯ ಹೆಮ್ಮಿಗೆಯಂತಹ ಊರುಗಳಲ್ಲಿ ನಾಲೆಯ ನೀರು, ಭತ್ತ-ಕಬ್ಬಿನ ದರ, ಜಮೀನಿನ ಖಾತೆ, ಕೇರಿಗಳ ನಡುವಣ ಅಂತರ ಇವೇ ದಿನನಿತ್ಯದ ಸಂಗತಿಗಳು. ಆದರೆ ಕನ್ನಡದ ಬಹುತೇಕ ಚಲನಚಿತ್ರ, ಧಾರಾವಾಹಿಗಳ ಹಳ್ಳಿಯಲ್ಲಿ ಕಾಣಸಿಗುವುದು ಗೌಡರ ತೊಟ್ಟಿಮನೆ, ಅರಳಿಕಟ್ಟೆಯ ಪಂಚಾಯಿತಿ, ಜಾತ್ರೆಯ ಹಾಡು. ಅದು ಯಾವ ಜಿಲ್ಲೆ, ಅಲ್ಲಿ ಯಾವ ಬೆಳೆ, ನಾಯಕನ ಹೊಟ್ಟೆಪಾಡು ಏನು ಎಂಬುದು ಕಡೆಯವರೆಗೂ ತಿಳಿಯುವುದಿಲ್ಲ. ಈ ಕೊರತೆಗೆ ಹಣವಾಗಲಿ ತಂತ್ರಜ್ಞಾನವಾಗಲಿ ಕಾರಣವಲ್ಲ. ಅದರ ಮೂಲ ಇರುವುದು ಬರವಣಿಗೆಯಲ್ಲಿ.

ಆಡುಮಾತಿನ ಸ್ಥಾನ

ನಂಜನಗೂಡು ತಾಲ್ಲೂಕಿನ ದೇವನೂರಿನವರಾದ ದೇವನೂರ ಮಹಾದೇವ ಅವರ ‘ಕುಸುಮಬಾಲೆ’ ಇದೇ ಸೀಮೆಯ ಆಡುಮಾತಿನಲ್ಲಿ ರಚಿತವಾದ ಕೃತಿ. ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ಅದರಲ್ಲಿ ದೀಪದ ಜೋತಮ್ಮಂದಿರು ಮಾತಾಡಿಕೊಳ್ಳುತ್ತಾರೆ. ಆದರೂ ಓದುಗನಿಗೆ ಸುಳ್ಳೆನಿಸದು. ಜಾತಿಯ ಕ್ರೌರ್ಯ, ಬಡತನ, ಮಾತಿನ ಲಯ ನಿಜವಾಗಿರುವುದೇ ಇದಕ್ಕೆ ಕಾರಣ. ವಾಸ್ತವತೆಯೆಂದರೆ ಕಲ್ಪನೆಗೆ ಹಾಕುವ ಬೇಲಿಯಲ್ಲ ಎಂಬುದು ಇದರಿಂದ ಸ್ಪಷ್ಟ.

ತೆರೆಯ ಮೇಲಾದರೋ ಇಂತಹ ಆಡುಮಾತು ಬಹಳಷ್ಟು ಸಲ ಹಾಸ್ಯನಟನ ಪಾಲು. ಪ್ರೇಮ, ದುಃಖ, ಘನತೆಯ ಸನ್ನಿವೇಶಗಳಿಗೆ ಗ್ರಂಥಸ್ಥ ಕನ್ನಡ. ತನ್ನ ಮನೆಯ ಮಾತು ನಗುವುದಕ್ಕೆ ಮಾತ್ರ ಯೋಗ್ಯವೆಂಬ ಭಾವನೆ ಹಳ್ಳಿಯ ಮಗುವಿನಲ್ಲಿ ಬೇರೂರುವುದು ಹೀಗೆ.

‘ತಿಥಿ’ಯ ನಿದರ್ಶನ

ನೆರೆಯ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಚಿತ್ರೀಕರಣಗೊಂಡ ‘ತಿಥಿ’ (2015) ಬೇರೆಯದೇ ದಾರಿ ಹಿಡಿಯಿತು. ನಿರ್ದೇಶಕ ರಾಮ್ ರೆಡ್ಡಿ ಅವರೊಡನೆ ಚಿತ್ರಕಥೆ ರಚಿಸಿದ ಈರೇಗೌಡ ಅವರಿಗೆ ಆ ಊರು ಚಿರಪರಿಚಿತ. ಪಾತ್ರಧಾರಿಗಳು ವೃತ್ತಿನಿರತ ಕಲಾವಿದರಲ್ಲ, ಗ್ರಾಮಸ್ಥರು. ಶತಾಯುಷಿ ಸೆಂಚುರಿ ಗೌಡ ತೀರಿಕೊಳ್ಳುತ್ತಾನೆ. ಜಮೀನು ಮಾರುವ ಆತುರದಲ್ಲಿರುವ ಮೊಮ್ಮಗ, ಬದುಕಿರುವ ತಂದೆ ಗಡ್ಡಪ್ಪನನ್ನೇ ಕಾಗದಪತ್ರಗಳಲ್ಲಿ ಸತ್ತವನನ್ನಾಗಿಸಲು ಹೊರಡುತ್ತಾನೆ. ಇಲ್ಲಿ ಕಥೆ ನಡೆಸಲು ಖಳನಾಯಕ ಬೇಕಾಗಲಿಲ್ಲ. ಹನ್ನೊಂದನೆಯ ದಿನದ ತಿಥಿ ಮತ್ತು ಭೂದಾಖಲೆಗಳೇ ಸಾಕಾದವು. ಚಿತ್ರವು 2015ರ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿಗಳನ್ನೂ, ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು.

ಧಾರಾವಾಹಿಗಳ ಇಕ್ಕಟ್ಟು

ಕಿರುತೆರೆಯಲ್ಲಿ ಒತ್ತಡ ಇನ್ನೂ ಹೆಚ್ಚು. ವಾರಕ್ಕೆ ಐದಾರು ಕಂತುಗಳು ಪ್ರಸಾರವಾಗಬೇಕು. ವಾರವಾರದ ಟಿಆರ್‌ಪಿ ನೋಡಿ ಕಥೆಯ ದಿಕ್ಕು ಬದಲಾಗುತ್ತದೆ. ಮುಕ್ತಾಯವೇ ಗೊತ್ತಿಲ್ಲದ ಕಥೆಗೆ ಬಾಗಿಲ ಮರೆಯಲ್ಲಿ ಕದ್ದು ಕೇಳುವುದು, ಹಾಲಿಗೆ ವಿಷ ಬೆರೆಸುವುದು, ಸತ್ತವರು ಮರಳುವುದು ಸುಲಭದ ಊರುಗೋಲಾಗುತ್ತವೆ. ದಿನನಿತ್ಯದ ಧಾರಾವಾಹಿಗೆ ಇದು ಅನಿವಾರ್ಯವೆಂದೇನೂ ಇಲ್ಲ. 1998ರಲ್ಲಿ ದೂರದರ್ಶನದಲ್ಲಿ ಆರಂಭವಾದ, ಟಿ.ಎನ್. ಸೀತಾರಾಂ ಮತ್ತು ಸಂಗಡಿಗರ ‘ಮಾಯಾಮೃಗ’ವು ಮಧ್ಯಮವರ್ಗದ ಮನೆಮಾತನ್ನೇ ನೆಚ್ಚಿ ಜನಪ್ರಿಯವಾಗಿತ್ತು.

ಪರಿಹಾರವೇನು?

‘ಸಂಸ್ಕಾರ’ (1970), ‘ನಾಗರಹಾವು’ (1972) ಚಿತ್ರಗಳಿಗೆ ಬೆನ್ನೆಲುಬಾಗಿದ್ದವು ಯು.ಆರ್. ಅನಂತಮೂರ್ತಿ, ತ.ರಾ.ಸು. ಅವರ ಕಾದಂಬರಿಗಳು. ಎಲ್ಲ ಚಿತ್ರಗಳೂ ಕಾದಂಬರಿ ಆಧಾರಿತವಾಗಬೇಕಿಲ್ಲ. ಆದರೆ ನಾಯಕನಟನ ದಿನಾಂಕ ಗೊತ್ತುಮಾಡುವ ಮುನ್ನ ಬರಹಗಾರನಿಗೆ ಸಮಯ, ಸಂಭಾವನೆ ಹಾಗೂ ಊರಿನಲ್ಲಿ ಕೆಲಕಾಲ ಇದ್ದು ಬರುವ ಅವಕಾಶ ದೊರೆಯಬೇಕು. ಹೆಮ್ಮಿಗೆಯ ರೈತನೊಬ್ಬ ತೆರೆಯನ್ನು ನೋಡಿ “ಇದು ನಮ್ಮೂರೇ” ಎನ್ನುವಂತಾದರೆ, ಆ ಬರವಣಿಗೆ ಗೆದ್ದಂತೆ.