ಮುದಗಲ್ಲಿನ ಹಕ್ಕುದಾರರು

ನಮ್ಮ ಕುರ್ಡಿ ಕಡೆ ಮೊಹರಂ ಎಂದು ಯಾರೂ ಪೂರ್ತಿ ಹೆಸರು ಹೇಳುವುದಿಲ್ಲ. ಅಲಾಯಿ ಹಬ್ಬ ಅಂದರೆ ಸಾಕು. ಅಲಾಯಿ ಕುಣಿಗೆ ಗುದ್ದಲಿ ಬಿತ್ತೆಂದರೆ ಮಾನ್ವಿ, ಸಿರವಾರ, ದೇವದುರ್ಗದ ಹಳ್ಳಿಗಳಲ್ಲಿ ಹಲಗಿ ದನಿ ಏಳುತ್ತದೆ. ಒಂದೂ ಮುಸ್ಲಿಂ ಮನೆಯಿಲ್ಲದ ಊರಲ್ಲೂ ಪೀರಲ ದೇವರು ಕೂಡುತ್ತವೆ. ದೊಡ್ಡ ಹರಕೆ ಹೊತ್ತವರು ಮಾತ್ರ ಊರ ದೇವರಿಗೆ ಕೈಮುಗಿದು, ಕವಿತಾಳ, ಲಿಂಗಸುಗೂರು ದಾಟಿ ಮುದಗಲ್ಲಿನ ದಾರಿ ಹಿಡಿಯುತ್ತಾರೆ. ಅಲ್ಲಿರುವುದು ಹುಸೇನಿ ಆಲಂ, ಇಮಾಮ್ ಹುಸೇನರ ಹೆಸರಿನ ಪಂಜಾ.

ಮುದಗಲ್ಲು ಲಿಂಗಸುಗೂರು ತಾಲ್ಲೂಕಿನ ಕೋಟೆಯೂರು. ಹೊರಗೋಡೆ, ನೀರಿನ ಕಂದಕ, ಗುಡ್ಡದ ಮೇಲೆ ಒಳಕೋಟೆ. ಈ ಊರು ಯಾರದು ಎಂಬ ಒಂದೇ ಪ್ರಶ್ನೆಗೆ ಇನ್ನೂರು ವರ್ಷ ಹೆಣ ಬಿದ್ದಿವೆ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ನೆಲಕ್ಕೆ ಶಾಸನಗಳಲ್ಲಿ ಎಡೆದೊರೆ ನಾಡು ಎಂದು ಹೆಸರು. ಎರಡು ಹೊಳೆ ನಡುವಿನ ಎರೆಭೂಮಿ. ಉತ್ತರದವನಿಗೂ ದಕ್ಷಿಣದವನಿಗೂ ಇದು ತನ್ನ ಹಿತ್ತಲೇ.

1366ರಲ್ಲಿ ವಿಜಯನಗರದ ಬುಕ್ಕರಾಯ ಮುದಗಲ್ಲಿಗೆ ನುಗ್ಗಿ ಕೋಟೆ ಕಾಯುವವರನ್ನೆಲ್ಲ ಕೊಂದ, ಒಬ್ಬನೇ ಉಳಿದ. ಅವನು ಕಲಬುರಗಿಗೆ ಓಡಿ ಸುದ್ದಿ ಮುಟ್ಟಿಸಿದರೆ, ಜೊತೆಯವರು ಸತ್ತಮೇಲೂ ನೀನು ಬದುಕಿ ಬಂದೆಯಾ ಎಂದು ಬಹಮನಿ ಸುಲ್ತಾನ ಮುಹಮ್ಮದ್ ಶಾಹ ಅವನ ತಲೆಯನ್ನೂ ತೆಗೆಸಿದನಂತೆ. ಇದನ್ನು ಬರೆದವನು ಫೆರಿಷ್ತಾ. ಎರಡು ಶತಮಾನ ಕಳೆದ ಮೇಲೆ ಬಿಜಾಪುರದ ಆಸ್ಥಾನದಲ್ಲಿ ಕೂತು ಬರೆದದ್ದು. ಅವನು ಕೊಡುವ ಹೆಣದ ಲೆಕ್ಕವನ್ನು ಕಾಲುಭಾಗಕ್ಕಿಳಿಸಿ ಓದುವುದೇ ಲೇಸು. ಆದರೂ ಸುದ್ದಿ ತಂದವನ ಗತಿ ಮಾತ್ರ ನನ್ನ ಮನಸ್ಸಿನಿಂದ ಅಳಿಯದು.

ಫೆರಿಷ್ತಾನೇ ಹೇಳುವ ಇನ್ನೊಂದು ಕಥೆ 1406ರದು. ಮುದಗಲ್ಲಿನ ಅಕ್ಕಸಾಲಿಗನ ಮಗಳ ಚೆಲುವಿನ ಸುದ್ದಿ ಕೇಳಿ ವಿಜಯನಗರದ ಒಂದನೆಯ ದೇವರಾಯ ಕರೆ ಕಳಿಸಿದ, ಹುಡುಗಿ ಒಲ್ಲೆನೆಂದಳು. ಎತ್ತಿ ತರಲು ಸೈನ್ಯ ಬಂತು. ಅಷ್ಟರಲ್ಲಿ ಮನೆಯವರು ಊರು ಬಿಟ್ಟಿದ್ದರು. ಬರಿಗೈಲಿ ಹೋಗಲೊಲ್ಲದ ಸೈನಿಕರು ಹಳ್ಳಿಗಳನ್ನು ಸುಲಿದರು. ಅದನ್ನೇ ನೆವ ಮಾಡಿಕೊಂಡು ಬಹಮನಿ ಸುಲ್ತಾನ ಫಿರೋಜ್ ಶಾಹ ಯುದ್ಧಕ್ಕಿಳಿದ, ಗೆದ್ದ, ಬಂಕಾಪುರ ಪಡೆದ. ಕೊನೆಗೆ ಹುಡುಗಿಯನ್ನು ತನ್ನ ಮಗ ಹಸನ್ ಖಾನನಿಗೆ ಮದುವೆ ಮಾಡಿಸಿದ. ಎರಡನೆಯ ಸಲ ಅವಳನ್ನು ಯಾರಾದರೂ ಕೇಳಿದರೇ ಎಂಬುದನ್ನು ಫೆರಿಷ್ತಾ ಬರೆದಿಲ್ಲ.

ಇದೇ ನೆಲಕ್ಕಾಗಿ 1520ರ ಮೇ 19ರಂದು ಕೃಷ್ಣದೇವರಾಯ ರಾಯಚೂರಿನಲ್ಲಿ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನನ್ನು ಮುರಿದ. 1565ರ ರಕ್ಕಸ ತಂಗಡಿ ಯುದ್ಧಕ್ಕೆ ಮುಂಚೆ ಅಲಿ ಆದಿಲ್ ಶಾಹ ವಿಜಯನಗರದಿಂದ ಹಿಂದಕ್ಕೆ ಕೇಳಿದ ಕೋಟೆಗಳೂ ರಾಯಚೂರು, ಮುದಗಲ್ಲುಗಳೇ. ಆಮೇಲಿನದು ಬರೀ ಕಾಗದದ ಕೈಬದಲು: ಮೊಗಲರು, ನಿಜಾಮ, 1853ರಿಂದ 1860ರವರೆಗೆ ಇಂಗ್ಲಿಷರು, ಮತ್ತೆ ನಿಜಾಮ, 1956ರಲ್ಲಿ ಮೈಸೂರು ರಾಜ್ಯ.

ರಾಜರ ಜಗಳ ಇಷ್ಟಾದರೆ ದೇವರ ಪಾಲು ಬೇರೆ. ಊರಲ್ಲೊಂದು ಹಳೆಯ ರೋಮನ್ ಕ್ಯಾಥೊಲಿಕ್ ಒಕ್ಕಲಿದೆ. ಗೋವೆಯಿಂದ ಬಂದ ಪಾದ್ರಿಯ ಕಾಲದ್ದು. ಅವರ ಪುಟ್ಟ ಚರ್ಚು 1557ಕ್ಕೂ ಮುಂಚಿನದೆಂದು ಹಳೆಯ ಇಂಪೀರಿಯಲ್ ಗೆಜೆಟಿಯರ್ ಹೇಳುತ್ತದೆ. ಅಂದರೆ ಹಂಪಿ ಹಾಳಾಗುವ ಮೊದಲೇ ಇಲ್ಲಿ ಗಂಟೆ ಬಾರಿಸಿತ್ತು.

ಆಲಂ ಕೂಡಿಸುವ ಪದ್ಧತಿಗೆ ಈ ಸೀಮೆಯಲ್ಲಿ ನೀರೆರೆದವರು ಆದಿಲ್ ಶಾಹಿಗಳು. ಯೂಸುಫ್ ಶಿಯಾ ಪಂಥ ಸಾರಿದ. ಮೊದಲನೆಯ ಇಬ್ರಾಹಿಂ ಸುನ್ನಿಗೆ ತಿರುಗಿಸಿದ. 1558ರಲ್ಲಿ ಪಟ್ಟಕ್ಕೆ ಬಂದ ಅಲಿ ಮತ್ತೆ ಶಿಯಾ ಎಂದ. ಆಸ್ಥಾನ ಹೀಗೆ ಮಗ್ಗುಲು ಬದಲಿಸುತ್ತಲೇ ಇತ್ತು. ಹಳ್ಳಿಯವನ ಎದೆಗೆ ತಾಗಿದ್ದು ಪಂಥವಲ್ಲ, ಕರ್ಬಲಾದಲ್ಲಿ ನೀರಿಲ್ಲದೆ ಸತ್ತ ಮಕ್ಕಳ ಕಥೆ. ಬರಗಾಲದ ಸೀಮೆಯವರಿಗೆ ಬಾಯಾರಿಕೆಯನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಆ ಕಥೆಯೇ ಕನ್ನಡದ ರಿವಾಯತ್ ಪದವಾಗಿ ಹೆಜ್ಜೆ ಕಟ್ಟಿ ಕುಣಿಯುತ್ತದೆ.

ಹಬ್ಬದ ಕೊನೆಯ ದಿನದ ಹಿಂದಿನ ಖತಲ್ ರಾತ್ರಿ ಮುದಗಲ್ಲಿನಲ್ಲಿ ಕಾಲಿಡಲು ಜಾಗವಿಲ್ಲ. ಲಾಡಿ ಹಾಕಿಕೊಂಡು ಫಕೀರರಾದವರಲ್ಲಿ ಲಿಂಗಾಯತರಿದ್ದಾರೆ, ಕುರುಬರಿದ್ದಾರೆ, ನಾಯಕರಿದ್ದಾರೆ. ಚೊಂಗೆ, ಮಾದಲಿ ಕಟ್ಟಿಕೊಂಡು ಬಂದ ಹೆಂಗಸರು ಊದು ಹಾಕಿ, ಸಕ್ಕರೆ ಓದಿಸಿಕೊಂಡು ಸೆರಗಿಗೆ ಗಂಟು ಹಾಕುತ್ತಾರೆ. ಜೆರುಸಲೇಮಿನಲ್ಲಿ ಕ್ರಿಸ್ತನ ಸಮಾಧಿಯ ಚರ್ಚಿಗೆ ಆರು ಕ್ರೈಸ್ತ ಪಂಗಡಗಳು ಹಕ್ಕು ಹೇಳುತ್ತವೆ. ಬಾಗಿಲ ಬೀಗದ ಕೈ ಮಾತ್ರ ಮುಸ್ಲಿಂ ಮನೆತನದ ವಶ. ನಮ್ಮಲ್ಲಿ ಬೀಗದ ಕೈ ಒಂದೇ ಅಲ್ಲ, ಕಟ್ಟಿಗೆ ತರುವುದು, ಕುಣಿ ತೋಡುವುದು, ದೇವರು ಹಿಡಿಯುವುದು, ಹಲಗಿ ಬಾರಿಸುವುದು ಎಲ್ಲವೂ ಮನೆತನಕ್ಕೊಂದರಂತೆ ಹಂಚಿಹೋಗಿದೆ. ಹಕ್ಕು ಇರುವುದು ಮಾಡುವ ಕೆಲಸದಲ್ಲಿ.

ಎಲ್ಲವೂ ಸಕ್ಕರೆ ಎಂದರೆ ಸುಳ್ಳಾಡಿದಂತೆ. ಹಲಗಿ ಬಾರಿಸುವ ದಲಿತ ಕೇರಿಯವರಿಗೆ ಕುಣಿತದಲ್ಲಿ ಪಾಲು ಕೊಡಲೊಲ್ಲದ ಊರುಗಳು ನಮ್ಮ ಜಿಲ್ಲೆಯಲ್ಲಿವೆ. ಆ ಜಗಳಕ್ಕೆ ತಲೆ ಒಡೆದದ್ದೂ ಇದೆ, ಹಬ್ಬಕ್ಕೇ ಜಿಲ್ಲಾಡಳಿತ ತಡೆ ಹಾಕಿದ್ದೂ ಇದೆ. ಆಲಂಗೆ ಕೈಮುಗಿಯುವುದು ಧರ್ಮದಲ್ಲಿಲ್ಲ ಎನ್ನುವ ಮೌಲ್ವಿಗಳು ಒಂದು ಕಡೆ, ನಮ್ಮವರಿಗೆ ಪೀರರ ಗೊಡವೆ ಯಾಕೆ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಒಂದೇ ಮಾತನ್ನು ಎರಡು ಬಾಯಿಂದ ಆಡುತ್ತಿದ್ದಾರೆ ಎಂದು ನನಗನ್ನಿಸುತ್ತದೆ. ಕೋಟೆ ಕೇಳಿದ ಬುಕ್ಕರಾಯ, ಫಿರೋಜ್ ಶಾಹರಿಗೆ ಬೇಕಿದ್ದದ್ದೂ ಇದೇ: ಊರು ಒಬ್ಬರದೇ ಆಗಬೇಕು.

ಚಂದ್ರನ ಲೆಕ್ಕದ ಹಬ್ಬವಾದ್ದರಿಂದ ಅಲಾಯಿ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2025ರಲ್ಲಿ ಜುಲೈ ಮೊದಲ ವಾರಕ್ಕೆ ಬಂದಿತ್ತು, ಮುಂಗಾರು ಬಿತ್ತನೆಯ ಹೊತ್ತಿಗೆ. ಕೂರಿಗೆ ಬಿಟ್ಟು ಹೋದವರು ದೇವರು ಹೊಳೆಗೆ ಹೋದ ಮರುದಿನವೇ ಹೊಲಕ್ಕಿಳಿದರು.