ಮಣ್ಣಿನುಂಡೆ, ಉಪ್ಪಿನುಂಡೆ, ಕಲ್ಲು

ಮಾಗಡಿ ಸೀಮೆಯ ಹಳ್ಳಿಗಳಲ್ಲಿ ಮದುವೆಯ ಪಂಕ್ತಿಗೆ ಕುಳಿತು ಎಡಗೈಯಲ್ಲಿ ಉಣ್ಣಬೇಕಾದವನ ಪಾಡು ಏನೆಂಬುದನ್ನು ನಾನು ಬಾಲ್ಯದಲ್ಲಿಯೇ ಕಂಡವನು. ನಮ್ಮ ತಂದೆಯವರು ಯಾವಾಗಲೂ ಪಂಕ್ತಿಯ ಕೊನೆಯ ಎಲೆಯನ್ನು ಆರಿಸಿಕೊಳ್ಳುತ್ತಿದ್ದರು. ಎಡಗಡೆ ಗೋಡೆ ಬರುವಂತೆ ಕುಳಿತು, ಹೆಗಲ ಮೇಲಿನ ವಸ್ತ್ರವನ್ನು ಇಳಿಬಿಟ್ಟು, ಬೇಗಬೇಗನೆ ನಾಲ್ಕು ತುತ್ತು ಉಂಡು ಏಳುತ್ತಿದ್ದರು. ನಾನು ಹುಟ್ಟುವುದಕ್ಕೆ ಮೊದಲೇ ಹುಣಿಸೆಯ ಮರದಿಂದ ಬಿದ್ದು ಅವರ ಬಲಗೈ ಮೊಣಕೈಯ ಬಳಿ ಮುರಿದಿತ್ತಂತೆ. ಮೂಳೆ ಕಟ್ಟುವಾತ ಬಿದಿರಿನ ದಬ್ಬೆ ಇಟ್ಟು ಬಿಗಿದ ಕಟ್ಟು ಮೂರು ತಿಂಗಳು ಹಾಗೆಯೇ ಇತ್ತು. ಬಿಚ್ಚಿದಾಗ ಕೈ ಮಡಚಲಿಲ್ಲ. ಮಡಚದ ಕೈಗೆ ಎಣ್ಣೆ ಹಚ್ಚಿ, ಇಬ್ಬರು ಗಟ್ಟಿ ಆಳುಗಳು ಹಿಡಿದು ದಿನವೂ ಬಗ್ಗಿಸಿ ನೋಡಿದರು. ಊದಿಕೊಂಡ ಕೀಲು ಮತ್ತೂ ಬಿಗಿಯಿತು. ಮೂಳೆ ಕೂಡಿತ್ತು, ನಿಜ. ಆದರೆ ಕೈ ಬಾಯಿಗೆ ಬರಲಿಲ್ಲ.

ಕಳೆದ ಮಳೆಗಾಲದಲ್ಲಿ ರಾಮನಗರದ ನಮ್ಮ ಮನೆಯ ಮೆಟ್ಟಿಲ ಮೇಲೆ ಜಾರಿ ನನ್ನ ಬಲಗೈಯ ಮಣಿಕಟ್ಟು ಮುರಿದಾಗ ಕಣ್ಣ ಮುಂದೆ ಬಂದದ್ದು ಆ ಪಂಕ್ತಿಯ ಕೊನೆಯ ಎಲೆ. ಪ್ಲಾಸ್ಟರು ಹಾಕಿದ ವೈದ್ಯರು ಅಂದಿನಿಂದಲೇ ಬೆರಳುಗಳನ್ನು ಮಡಚಿ ಬಿಡಿಸುತ್ತಿರಬೇಕೆಂದು, ಮೊಣಕೈ ಭುಜಗಳನ್ನು ಆಡಿಸುತ್ತಿರಬೇಕೆಂದು ಸ್ಪಷ್ಟವಾಗಿಯೇ ಹೇಳಿದ್ದರು. ನಾನು ಹೆದರಿ ಆರು ವಾರ ಕೈಯನ್ನು ಹಸುಗೂಸಿನಂತೆ ಎದೆಗವಚಿಕೊಂಡು ಕುಳಿತೆ. ಪ್ಲಾಸ್ಟರು ಕತ್ತರಿಸಿದ ದಿನ ಸೀಮೆಸುಣ್ಣ ಹಿಡಿಯಲಾಗಲಿಲ್ಲ. ಮೇಷ್ಟರಿಗೆ ಇದಕ್ಕಿಂತ ದೊಡ್ಡ ಅವಮಾನವುಂಟೆ? ಇಂಥ ಹೊತ್ತಿನಲ್ಲಿ ನಮ್ಮ ಜಾತಿಯ ಜನ ಮಾಡುವುದೊಂದೇ ಕೆಲಸ: ಪುಸ್ತಕ ತೆಗೆಯುವುದು.

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದ ಮೂರನೆಯ ಅಧ್ಯಾಯವೆಲ್ಲ ಮೂಳೆಮುರಿತದ ಚಿಕಿತ್ಸೆಗೆ ಮೀಸಲು. ಅಲ್ಲಿಯೂ ಮರದ ತೊಗಟೆ ಮತ್ತು ಬಿದಿರಿನ ದಬ್ಬೆಗಳೇ ಇವೆ. ಆದರೆ ಕಟ್ಟನ್ನು ಒಮ್ಮೆ ಬಿಗಿದು ಮರೆತುಬಿಡುವ ಮಾತು ಅಲ್ಲಿಲ್ಲ. ಚಳಿಯ ಕಾಲದಲ್ಲಿ ಏಳು ದಿನಕ್ಕೊಮ್ಮೆ, ಹದವಾದ ಕಾಲದಲ್ಲಿ ಐದು ದಿನಕ್ಕೊಮ್ಮೆ, ಬೇಸಗೆಯಲ್ಲಿ ಮೂರು ದಿನಕ್ಕೊಮ್ಮೆ ಬಿಚ್ಚಿ ಕಟ್ಟಬೇಕು. ಸಡಿಲವಾದರೆ ಕೀಲು ನೆಲೆ ನಿಲ್ಲದು, ಬಿಗಿಯಾದರೆ ಬಾವು, ನೋವು, ಕೀವು. ಇದನ್ನೋದಿದಾಗ ನಮ್ಮ ತಂದೆಯವರ ಕೈ ನೆನಪಾಗದೆ ಇರಲು ಸಾಧ್ಯವೆ? ಸುಶ್ರುತನ ಬಿದಿರು ನಮ್ಮ ಹಳ್ಳಿಯವರೆಗೂ ನಡೆದುಬಂದಿತ್ತು. ದಾರಿಯಲ್ಲೆಲ್ಲೋ ಅವನ ಪಂಚಾಂಗ ಕಳೆದುಹೋಗಿತ್ತು.

ಅದೇ ಅಧ್ಯಾಯದಲ್ಲಿ ಅಂಗೈ ಮುರಿದವನಿಗೆ ಹೇಳಿದ ಒಂದು ವಿಧಿಯಿದೆ. ಮೂಳೆ ಕೂಡಿದ ಮೇಲೆ ಅವನು ಮೊದಲು ಮಣ್ಣಿನ ಉಂಡೆಯನ್ನು ಹಿಡಿಯಬೇಕು, ಆಮೇಲೆ ಉಪ್ಪಿನುಂಡೆಯನ್ನು, ಕೈಗೆ ಬಲ ಬಂದ ಮೇಲೆ ಕಲ್ಲನ್ನು. ಮೆತ್ತನೆಯದರಿಂದ ಗಟ್ಟಿಯದಕ್ಕೆ ಮೂರು ಮೆಟ್ಟಿಲು. ಅವಸರವಿಲ್ಲ, ಆಲಸ್ಯವೂ ಇಲ್ಲ. ವ್ಯಾಯಾಮದ ಬಗ್ಗೆ ಬೇರೊಂದು ಅಧ್ಯಾಯದಲ್ಲಿ ಹೇಳುವಾಗಲೂ ಅರ್ಧಬಲಕ್ಕೆ ನಿಲ್ಲಿಸಬೇಕೆಂಬುದೇ ಅಲ್ಲಿಯ ನಿಯಮ. ಎದೆಯ ಉಸಿರು ಬಾಯಿಗೆ ಬಂತೆಂದರೆ ಅದೇ ಎಲ್ಲೆ.

ಪಶ್ಚಿಮದವರು ಈ ಮೆಟ್ಟಿಲುಗಳಿಗೆ ಬಂದದ್ದು ಒಂದು ದೊಡ್ಡ ಜಗಳದ ಮೂಲಕ. ಹತ್ತೊಂಬತ್ತನೆಯ ಶತಮಾನದಲ್ಲಿ ಲಿವರ್‌ಪೂಲಿನಲ್ಲಿದ್ದ ಹ್ಯೂ ಓವೆನ್ ಥಾಮಸ್ ವೇಲ್ಸಿನ ಮೂಳೆ ಕಟ್ಟುವವರ ವಂಶದಲ್ಲಿ ಹುಟ್ಟಿ ವೈದ್ಯ ಪದವಿ ಪಡೆದವನು. ನೊಂದ ಕೀಲಿಗೆ ಬೇಕಾದುದು ವಿಶ್ರಾಂತಿ, ಅದೂ ಸಂಪೂರ್ಣವಾದ, ಎಡೆಬಿಡದ, ದೀರ್ಘವಾದ ವಿಶ್ರಾಂತಿ ಎಂಬುದು ಅವನ ಮತ. ೧೮೭೫ರಲ್ಲಿ ಅವನು ಪ್ರಕಟಿಸಿದ ಗ್ರಂಥದ ತಿರುಳೂ ಅದೇ. ಅವನ ಹೆಸರಿನ ಕಾಲುಪಟ್ಟಿಯನ್ನು ಅವನ ಬಂಧು ರಾಬರ್ಟ್ ಜೋನ್ಸ್ ಮೊದಲನೆಯ ಮಹಾಯುದ್ಧದಲ್ಲಿ ಬಳಕೆಗೆ ತಂದಾಗ ತೊಡೆಮೂಳೆ ಮುರಿದ ಸೈನಿಕರ ಸಾವು ಬಹುವಾಗಿ ತಗ್ಗಿತು. ಇತ್ತ ಫ್ರಾನ್ಸಿನ ಲೂಕಾ ಶಾಂಪಿಯೊನಿಯೇರ್ ಎಂಬ ಶಸ್ತ್ರವೈದ್ಯ ಇದಕ್ಕೆ ತೀರ ವಿರುದ್ಧವಾಗಿ, ಮುರಿದ ಕೈಕಾಲುಗಳನ್ನು ಬೇಗನೆ ಮೆಲ್ಲಗೆ ನೀವಿ, ಮೆಲ್ಲಗೆ ಆಡಿಸಬೇಕೆಂದು ಸಾರಿದ. ಚಲನೆಯೇ ಜೀವವೆಂಬುದು ಅವನ ನಂಬಿಕೆ. ಇಬ್ಬರ ಶಿಷ್ಯರೂ ಬಹುಕಾಲ ಹೊಡೆದಾಡಿದರು. ನನಗೇನೋ ಇಬ್ಬರೂ ಗೆದ್ದರೆನಿಸುತ್ತದೆ: ಮೂಳೆ ಕೇಳುವುದು ನಿಶ್ಚಲತೆಯನ್ನು, ಕೀಲು ಕೇಳುವುದು ಚಲನೆಯನ್ನು. ಒಂದೇ ಕೈಯಲ್ಲಿ ಈ ಎರಡು ಕೇಳಿಕೆಗಳೂ ಇರುವುದರಿಂದಲೇ ವೈದ್ಯನ ಕೆಲಸ ಕಷ್ಟ.

ಎರಡನೆಯ ಮಹಾಯುದ್ಧದಲ್ಲಿ ಷಿಕಾಗೋ ನಗರದ ಸೈನಿಕ ಆಸ್ಪತ್ರೆಯೊಂದು ಮಂಡಿ ಕೆಟ್ಟ ಸೈನಿಕರಿಂದ ತುಂಬಿಹೋಗಿತ್ತು. ಥಾಮಸ್ ಡಿಲಾರ್ಮ್ ಎಂಬ ತರುಣ ವೈದ್ಯ ಹುಡುಗನಾಗಿದ್ದಾಗ ಸಂಧಿವಾತದ ಜ್ವರದಿಂದ ನರಳಿ, ಭಾರ ಎತ್ತಿ ಎತ್ತಿ ಮೈ ಕೂಡಿಸಿಕೊಂಡವನು. ಅವನು ಆ ಮಂಡಿಗಳಿಗೆ ಅಳತೆಯಿಟ್ಟು ಭಾರ ಕಟ್ಟಿಸಿ, ಬಲ ಬಂದಂತೆ ಭಾರವನ್ನು ಏರಿಸುತ್ತ ಹೋದ. ೧೯೪೫ರಲ್ಲಿ ಅದನ್ನು ಪ್ರಬಂಧವಾಗಿ ಪ್ರಕಟಿಸಿದ. ಇಂದಿನ ಫಿಸಿಯೋಥೆರಪಿಯ ಒಂದು ಮುಖ್ಯ ಸೂತ್ರ ಇದೇ. ಮಣ್ಣು, ಉಪ್ಪು, ಕಲ್ಲುಗಳ ಜಾಗದಲ್ಲಿ ಕಬ್ಬಿಣ ಬಂದಿತ್ತು, ಅಷ್ಟೆ. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎಂದು ಎದೆ ತಟ್ಟಿಕೊಳ್ಳುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಇದ್ದುದು ನಮ್ಮ ತಂದೆಯವರ ಕೈಗೆ ಬರಲಿಲ್ಲವಲ್ಲ!

ಕನ್ನಡ ನಾಡಿನ ಹತ್ತಿರದ ಚರಿತ್ರೆಗೆ ಬರೋಣ. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ ೧೮೮೮ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ೧೯೩೩ರಿಂದ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದರು. ಇಂದು ಜಗತ್ತೆಲ್ಲ ಹರಡಿರುವ ಆಸನಾಭ್ಯಾಸದ ಒಂದು ದೊಡ್ಡ ಪಾಲು ಹೊರಟದ್ದು ಆ ಶಾಲೆಯಿಂದ. ಅವರ ‘ಯೋಗಮಕರಂದ’ ೧೯೩೪ರಲ್ಲಿ ಕನ್ನಡದಲ್ಲಿಯೇ ಅಚ್ಚಾಯಿತೆಂಬುದನ್ನು ನಾವು ಕನ್ನಡದ ಮೇಷ್ಟರುಗಳೇ ಮರೆತಿದ್ದೇವೆ. ಆಚಾರ್ಯರು ತೊಂಬತ್ತಾರರ ಇಳಿವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಶಸ್ತ್ರಚಿಕಿತ್ಸೆ ಒಲ್ಲೆನೆಂದು, ಹಾಸಿಗೆಯಲ್ಲಿ ಮಲಗಿದ್ದಂತೆಯೇ ಮಾಡಬಹುದಾದ ಅಭ್ಯಾಸಕ್ರಮವೊಂದನ್ನು ತಮಗಾಗಿ ತಾವೇ ರೂಪಿಸಿಕೊಂಡರು. ಅವರು ಕಾಲವಾದದ್ದು ೧೯೮೯ರಲ್ಲಿ, ನೂರು ತುಂಬಿದ ಮೇಲೆ. ಇದನ್ನೋದಿ ಯಾರೂ ಮನೆಯ ಹಿರಿಯರನ್ನು ಆಸ್ಪತ್ರೆಯಿಂದ ಎಬ್ಬಿಸಿಕೊಂಡು ಬರಬಾರದು. ಅದು ಎಪ್ಪತ್ತು ವರ್ಷ ದೇಹವನ್ನು ಓದಿದವರೊಬ್ಬರ ಕತೆ. ಇಂದಿನ ವೈದ್ಯರು ಮುಪ್ಪಿನವರ ಸೊಂಟ ಮುರಿದರೆ ಒಂದೆರಡು ದಿನದೊಳಗೆ ಶಸ್ತ್ರಚಿಕಿತ್ಸೆ ಮಾಡಿ, ಮಾರನೆಯ ದಿನವೇ ಹಿಡಿದು ನಿಲ್ಲಿಸುತ್ತಾರೆ. ಮಲಗಿಸಿಟ್ಟರೆ ಪುಪ್ಪುಸ ಕಟ್ಟುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ.

ಆ ಆಚಾರ್ಯರ ಶಿಷ್ಯರೂ ಭಾವಮೈದುನರೂ ಆದವರು ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ಯರು. ಅರುವತ್ತು ತುಂಬಿದ ಮೇಲೆ, ೧೯೭೯ರಲ್ಲಿ, ಪುಣೆಯಲ್ಲಿ ಕೆಲವೇ ತಿಂಗಳ ಅಂತರದಲ್ಲಿ ಎರಡು ಬಾರಿ ಸ್ಕೂಟರ್ ಅಪಘಾತಕ್ಕೆ ಸಿಕ್ಕಿ ಬೆನ್ನು, ಭುಜ, ಮಂಡಿಗಳನ್ನು ಕೆಡಿಸಿಕೊಂಡರು. ಜಗತ್ತೇ ನೋಡಿ ಬೆರಗಾಗಿದ್ದ ಆಸನಗಳನ್ನೆಲ್ಲ ಮೊದಲಿನಿಂದ ಕಲಿಯಬೇಕಾಯಿತು. ಮರದ ಇಟ್ಟಿಗೆ, ಹಗ್ಗ, ಪಟ್ಟಿ, ಕುರ್ಚಿ ಇವುಗಳನ್ನು ಆತು ಅಭ್ಯಾಸ ಮಾಡುವುದು ಅವರ ಶಾಲೆಯ ಗುರುತು. ಪರರಿಗೆ ಕಲಿಸಿದ ಆ ಆಸರೆಗಳಿಗೆ ಗುರುವೇ ಮರಳಿದರು. ಚನ್ನಪಟ್ಟಣದಲ್ಲಿ ಮಗು ಹಿಡಿದು ನಡೆಯಲು ಮಾಡುವ ಮೂರು ಗಾಲಿಯ ಬಣ್ಣದ ಗಾಡಿಯನ್ನು ನೋಡಿದಾಗಲೆಲ್ಲ ನನಗೆ ಈ ಅರುವತ್ತರ ಗುರುವಿನ ನೆನಪಾಗುತ್ತದೆ.

ನಮ್ಮ ಕಡೆಯ ಗರಡಿಮನೆಗಳಿಗೂ ಈ ವಿವೇಕ ಇತ್ತು. ಪಟ್ಟು ಹಾಕುವಾಗ ಹೆಗಲು ಉಳುಕಿದವನನ್ನು ಉಸ್ತಾದ ಮಟ್ಟಿಗೆ ಇಳಿಸುತ್ತಿರಲಿಲ್ಲ, ಮನೆಗೂ ಕಳಿಸುತ್ತಿರಲಿಲ್ಲ. ಕೆಮ್ಮಣ್ಣು ಸಡಿಲಿಸುವ ಕೆಲಸ ಕೊಟ್ಟು, ಬಸ್ಕಿಯನ್ನು ಎಣಿಸಿ ಹೊಡೆಸುತ್ತಿದ್ದನೆಂದು ನಮ್ಮ ತಾತ ಹೇಳುತ್ತಿದ್ದರು. ಆ ಮಾತು ಗಂಡಸರ ಲೋಕದ್ದು. ರಾಮನಗರ, ಕನಕಪುರಗಳ ಬೀದಿಗಳಲ್ಲಿ ಕುದಿನೀರಿನ ಮುಂದೆ ಕುಳಿತು ರೇಷ್ಮೆಯ ನೂಲು ಬಿಚ್ಚಿದ, ರಾಟೆ ತಿರುವಿದ ಹೆಂಗಸರ ಭುಜಕ್ಕೆ ಯಾವ ಉಸ್ತಾದನೂ ಇರಲಿಲ್ಲ. ನಮ್ಮ ಬೀದಿಯ ವೃದ್ಧೆಯೊಬ್ಬರಿಗೆ ಭುಜ ಹಿಡಿದುಹೋಗಿ ತಲೆ ಬಾಚಿಕೊಳ್ಳಲಾಗುತ್ತಿರಲಿಲ್ಲ. ನಾನು ಕೈ ಪಳಗಿಸಲು ಹೋಗುತ್ತಿದ್ದ ಕಡೆಯೇ ಆಕೆಯೂ ಬರುತ್ತಿದ್ದರು. ಗೋಡೆಯ ಮೇಲೆ ಬೆರಳುಗಳನ್ನು ಇರುವೆಯಂತೆ ಹತ್ತಿಸಬೇಕು. ಮುಟ್ಟಿದಷ್ಟು ಎತ್ತರಕ್ಕೆ ಸೀಮೆಸುಣ್ಣದ ಗೆರೆ. ನೋವು ತುಸು ಇದ್ದರೆ ಇರಲಿ. ಮಾರನೆಯ ಬೆಳಗ್ಗೆಗೂ ಉಳಿದರೆ, ಕೀಲು ಬಿಸಿಯಾಗಿ ಊದಿದರೆ, ಅಂದು ಹೆಚ್ಚಾಯಿತೆಂದೇ ಲೆಕ್ಕ, ಒಂದು ಮೆಟ್ಟಿಲು ಇಳಿಯಬೇಕು. ಮಂಡಿ ಸವೆದವರಿಗೂ ಇದೇ ಲೆಕ್ಕವನ್ನು ಹೇಳಿಕೊಡುತ್ತಿದ್ದರು. ಬಾವು ಬಂದ ಮೊಣಕೈಯನ್ನು ಬಲವಂತವಾಗಿ ತಿರುಚಿದರೆ ಸ್ನಾಯುವಿನೊಳಗೇ ಮೂಳೆ ಬೆಳೆದುಬಿಡಬಹುದೆಂದು ನನಗೆ ತಿಳಿದದ್ದೂ ಅಲ್ಲಿಯೇ. ಆ ಇಬ್ಬರು ಆಳುಗಳ ನೆನಪಾಯಿತು. ಪಾಪ, ಒಳ್ಳೆಯದನ್ನೇ ಬಯಸಿದ್ದರು.

ನನಗೆ ಹಿಸುಕಲು ಮೆತ್ತನೆಯ ಚೆಂಡೊಂದನ್ನು ಬರೆದುಕೊಟ್ಟಿದ್ದರು. ಅದು ಸಿಕ್ಕುವವರೆಗೆ ನನ್ನಾಕೆ ಆರಿದ ರಾಗಿಮುದ್ದೆಯೊಂದನ್ನು ಅಂಗೈಯಲ್ಲಿಟ್ಟರು. ಸುಶ್ರುತನ ಮಣ್ಣಿನುಂಡೆಗೆ ನಮ್ಮ ಸೀಮೆಯಲ್ಲಿ ಇದಕ್ಕಿಂತ ಹತ್ತಿರದ ವಸ್ತು ಬೇರೆ ಇಲ್ಲ. ಉಪ್ಪಿನ ಹಂತವನ್ನು ಹರಳುಪ್ಪಿನ ಗಂಟು ಕಟ್ಟಿ ದಾಟಿದೆ. ಕಲ್ಲನ್ನು ನಾನೇ ಸಾವನದುರ್ಗದ ತಪ್ಪಲಿನಿಂದ ಆರಿಸಿ ತಂದೆ, ಕೈತುಂಬುವಂಥ ಗುಂಡುಕಲ್ಲು. ನಾಲ್ಕನೆಯ ತಿಂಗಳಿಗೆ ಅದನ್ನು ಹಿಡಿದು ಮಣಿಕಟ್ಟನ್ನು ತಿರುಗಿಸಬಲ್ಲವನಾದೆ. ಈಗ ಅದು ಅಡಿಗೆಮನೆಯಲ್ಲಿ ಶುಂಠಿ ಜಜ್ಜಲು ಹೋಗಿದೆ, ಕೇಳಿದರೆ ಕೊಡುವುದಿಲ್ಲ.