37 ವಾರ ತುಂಬಿದರೆ ಸಾಕೇ? ಮುಹೂರ್ತ ನೋಡಿ ಸಿಸೇರಿಯನ್ ಮಾಡಿಸುವ ಮುನ್ನ ಇದನ್ನು ಓದಿ

'37 ವಾರ ತುಂಬಿದರೆ ಮಗು ಪೂರ್ತಿ ಬೆಳೆದಿರುತ್ತದೆ. ಹೇಗೂ ಸಿಸೇರಿಯನ್ ಅಂತ ಆಗಿದ್ದರೆ, ಒಳ್ಳೆಯ ನಕ್ಷತ್ರ ನೋಡಿ ಬೇಗ ಮಾಡಿಸಿಬಿಡಿ.' ಗರ್ಭಿಣಿ ಇರುವ ಮನೆಗೆ ಇಂಥ ಸಲಹೆ ಬರುವುದು ಹೊಸತಲ್ಲ. 2024ರ ಜನವರಿ 22ರಂದು ಅಯೋಧ್ಯೆಯಲ್ಲಿ ಪ್ರಾಣ ಪ್ರತಿಷ್ಠಾಪನೆ ನಡೆದಾಗ, ಅದೇ ದಿನ ಹೆರಿಗೆ ಮಾಡಿಸಿ ಎಂದು ಕಾನ್ಪುರದಲ್ಲಿ ಹಲವು ಗರ್ಭಿಣಿಯರು ವೈದ್ಯರನ್ನು ಕೇಳಿಕೊಂಡದ್ದು ಸುದ್ದಿಯಾಗಿತ್ತು. ಈ ಸಲಹೆಯಲ್ಲಿ ಎಷ್ಟು ಸತ್ಯವಿದೆ?

ಹೇಳಿಕೆ: 37 ವಾರದ ನಂತರ ಯಾವ ದಿನವಾದರೂ ಒಂದೇ

ಇದು ತಪ್ಪು. ಹಿಂದೆ 37ರಿಂದ 42 ವಾರದವರೆಗಿನ ಅವಧಿಯನ್ನೆಲ್ಲ 'ದಿನ ತುಂಬಿದ್ದು' ಎಂದೇ ಕರೆಯುತ್ತಿದ್ದರು. 2013ರಲ್ಲಿ ಅಮೆರಿಕದ ಪ್ರಸೂತಿ ತಜ್ಞರ ಸಂಘ ಇದನ್ನು ಬಿಡಿಸಿ ಹೇಳಿತು: 37 ಮತ್ತು 38ನೇ ವಾರ 'ಆರಂಭಿಕ' ಹಂತ, 39 ವಾರ ತುಂಬಿದ ಮೇಲಷ್ಟೇ 'ಪೂರ್ಣ' ಹಂತ. ಬೇರೆ ವೈದ್ಯಕೀಯ ಕಾರಣ ಇಲ್ಲದಿದ್ದರೆ 39 ವಾರಕ್ಕೆ ಮೊದಲು ಯೋಜಿತ ಸಿಸೇರಿಯನ್ ಬೇಡ ಎಂಬುದು ಬ್ರಿಟನ್, ಅಮೆರಿಕಗಳ ಮಾರ್ಗಸೂಚಿ.

ಕಾರಣ ಮಗುವಿನ ಶ್ವಾಸಕೋಶ. ಹೊಟ್ಟೆಯಲ್ಲಿರುವಾಗ ಅದರಲ್ಲಿ ದ್ರವ ತುಂಬಿರುತ್ತದೆ. ಹೆರಿಗೆ ನೋವು ಶುರುವಾದಾಗ ಬಿಡುಗಡೆಯಾಗುವ ಹಾರ್ಮೋನುಗಳು ಆ ದ್ರವವನ್ನು ಹೀರಿಕೊಳ್ಳಲು ನೆರವಾಗುತ್ತವೆ. ನೋವು ಬರುವ ಮೊದಲೇ ಸಿಸೇರಿಯನ್ ಆದರೆ ಈ ತಯಾರಿ ಅರ್ಧಕ್ಕೇ ನಿಲ್ಲಬಹುದು. ಆಗ ಮಗುವಿಗೆ ಏದುಸಿರು ಬಂದು ಎನ್‌ಐಸಿಯುಗೆ ಸೇರಿಸಬೇಕಾಗಬಹುದು.

ಅಂಕಿ ಅಂಶ ಏನು ಹೇಳುತ್ತದೆ?

'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿ 2009ರಲ್ಲಿ ಬಂದ ಅಧ್ಯಯನ 13,000ಕ್ಕೂ ಹೆಚ್ಚು ಯೋಜಿತ ಸಿಸೇರಿಯನ್‌ಗಳನ್ನು ನೋಡಿತು. ಉಸಿರಾಟದ ತೊಂದರೆ, ಸೋಂಕು, ಸಕ್ಕರೆ ಅಂಶ ಕುಸಿತ, ಎನ್‌ಐಸಿಯು ದಾಖಲಾತಿಯಂಥ ಸಮಸ್ಯೆಗಳು ಕಂಡದ್ದು ಹೀಗೆ:

- 37ನೇ ವಾರ: 100ರಲ್ಲಿ ಸುಮಾರು 15 ಮಕ್ಕಳಿಗೆ
- 38ನೇ ವಾರ: 11 ಮಕ್ಕಳಿಗೆ
- 39ನೇ ವಾರ: 8 ಮಕ್ಕಳಿಗೆ

ಅಂದರೆ ಎರಡು ವಾರ ಕಾದರೆ ಅಪಾಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಇನ್ನೊಂದು ಮಾತು: ಮೊದಲ ಮೂರು ತಿಂಗಳಲ್ಲಿ ಮಾಡಿದ ಸ್ಕ್ಯಾನಿಂಗ್‌ನ ಲೆಕ್ಕದಲ್ಲೂ ಐದರಿಂದ ಏಳು ದಿನ ಆಚೀಚೆ ಆಗಬಹುದು. ನಾವು 38 ಎಂದುಕೊಂಡದ್ದು ನಿಜಕ್ಕೂ 37 ಆಗಿರಬಹುದು.

ಹಾಗಾದರೆ ಎಲ್ಲರೂ 39 ವಾರ ಕಾಯಬೇಕೇ?

ಇಲ್ಲ. ಬಿಪಿ ತೀರಾ ಏರಿದ್ದರೆ, ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಇದ್ದರೆ, ಅವಳಿ ಮಕ್ಕಳಿದ್ದರೆ ಅಥವಾ ಮಗುವಿನ ಬೆಳವಣಿಗೆ ಕುಂಠಿತವಾಗಿದ್ದರೆ ವೈದ್ಯರು ಮೊದಲೇ ದಿನ ಕೊಡಬಹುದು. ಅಂಥಲ್ಲಿ ಅಮಾವಾಸ್ಯೆ ಕಳೆಯಲಿ, ಮೂಲಾ ನಕ್ಷತ್ರ ದಾಟಲಿ ಎಂದು ಮುಂದೂಡುವುದು ತಾಯಿ, ಮಗು ಇಬ್ಬರಿಗೂ ಅಪಾಯ. ಕೊಟ್ಟ ದಿನಕ್ಕಿಂತ ಮೊದಲೇ ನೋವು, ರಕ್ತಸ್ರಾವ ಶುರುವಾದರೆ, ನೀರು ಹೋದರೆ ಅಥವಾ ಮಗುವಿನ ಚಲನೆ ಕಡಿಮೆಯಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಗಳಿಗೆ ಹಿಡಿಯುವುದರ ತೊಂದರೆ

ಬೆಳಗಿನ ಜಾವ 4.20ಕ್ಕೇ ಮಗು ಹುಟ್ಟಬೇಕು ಎಂದರೆ ಆ ಹೊತ್ತಿನಲ್ಲಿ ಅರಿವಳಿಕೆ ತಜ್ಞರು, ಮಕ್ಕಳ ವೈದ್ಯರು, ಬೇಕಾದರೆ ರಕ್ತ, ಎಲ್ಲವೂ ಸಿದ್ಧವಿರಬೇಕು. ಬೆನ್ನಿಗೆ ಅರಿವಳಿಕೆ ಕೊಟ್ಟ ಮೇಲೆ ತಾಯಿಯ ಬಿಪಿ ಇಳಿಯಬಹುದು. ಆಗ ಗಡಿಯಾರ ನೋಡುತ್ತ ಕೂರುವಂತಿಲ್ಲ.

ದಿನ ನಿಗದಿಯಾಗುವ ಮೊದಲು ಕೇಳಿ

1. ಆ ದಿನಕ್ಕೆ ಎಷ್ಟು ವಾರ ತುಂಬಿರುತ್ತದೆ? ಮೊದಲ ಸ್ಕ್ಯಾನಿಂಗ್ ಪ್ರಕಾರ ಎಷ್ಟು?
2. 39ಕ್ಕೆ ಮೊದಲಾದರೆ, ಕಾರಣವೇನು?
3. ಮಕ್ಕಳ ವೈದ್ಯರು, ಎನ್‌ಐಸಿಯು ಲಭ್ಯವೇ?

ಒಳ್ಳೆಯ ದಿನ ನೋಡುವ ನಂಬಿಕೆ ನಿಮ್ಮ ಮನೆಯಲ್ಲಿದ್ದರೆ ಮೊದಲು ವೈದ್ಯರ ಹತ್ತಿರ 'ಯಾವ ದಿನದಿಂದ ಯಾವ ದಿನದವರೆಗೆ ಸುರಕ್ಷಿತ?' ಎಂದು ಕೇಳಿ. ಪಂಚಾಂಗ ತೆರೆಯುವುದು ಆ ದಿನಗಳೊಳಗೆ ಮಾತ್ರ ಇರಲಿ.

ಒಟ್ಟಿನಲ್ಲಿ: '37 ವಾರ ಸಾಕು' ಎಂಬ ಹೇಳಿಕೆ ದಾರಿ ತಪ್ಪಿಸುವಂಥದ್ದು. ತೊಂದರೆ ಇಲ್ಲದ ಗರ್ಭಧಾರಣೆಯಲ್ಲಿ ಯೋಜಿತ ಸಿಸೇರಿಯನ್‌ಗೆ 39 ವಾರ ತುಂಬುವವರೆಗೆ ಕಾಯುವುದು ಒಳ್ಳೆಯದು. ತೊಂದರೆ ಇದ್ದಲ್ಲಿ ವೈದ್ಯರು ಹೇಳಿದ ದಿನವೇ ಸರಿಯಾದ ದಿನ.